ಕೂತದ್ದು ಬೇರೆ, ತಿಂದದ್ದು ಬೇರೆ

ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರು ಅಕ್ಟೋಬರ್ ಚಾಟ್ನಿ (ಕಡ್ಡಿ ಕತ್ತರಿಸುವ ಕೆಲಸ) ಮುಗಿಸಿದ ಮೇಲೆ ಒಂದೆರಡು ವಾರ ಬಳ್ಳಿಯ ಕಣ್ಣಿನ ಮೇಲೆ ಕಣ್ಣಿಟ್ಟು ಕೂತಿರುತ್ತಾರೆ. ಕಡ್ಡಿಯ ಕಣ್ಣು ಉಬ್ಬಿ ಹತ್ತಿಯಂತೆ ಮೃದುವಾಗುವ ಹೊತ್ತು ಅದು. ಆಗಲೇ ಆ ಹುಳವೂ ಬರುತ್ತದೆ. ಕಂಚಿನ ಬಣ್ಣ, ಹೊಳಪು ಮೈ, ಬೆನ್ನ ಮೇಲೆ ಆರು ಕಪ್ಪು ಚುಕ್ಕೆ, ಅರ್ಧ ಸೆಂಟಿಮೀಟರಿಗೂ ಕಡಿಮೆ ಉದ್ದ. ರಾತ್ರಿ ಬೆಳಗಾಗುವುದರೊಳಗೆ ಕಣ್ಣನ್ನು ಕೆರೆದು ತಿಂದಿರುತ್ತದೆ, ಆ ಕಣ್ಣು ಮತ್ತೆ ಒಡೆಯುವುದಿಲ್ಲ. ಎಲೆ ತಿಂದರೆ ಇನ್ನೊಂದು ಎಲೆ ಬಂದೀತು, ಕಣ್ಣು ಹೋದರೆ ಆ ವರ್ಷದ ಗೊಂಚಲೇ ಹೋದಂತೆ. ಮರಾಠಿ ನೆಲದ ನಂಟಿರುವ ಬೆಳೆಗಾರರು ಇದನ್ನು ‘ಉಡದ್ಯಾ’ ಅನ್ನುತ್ತಾರೆ. ಕೃಷಿ ಕೈಪಿಡಿಗಳಲ್ಲಿ, ಔಷಧಿ ಅಂಗಡಿಯ ಪಟ್ಟಿಯಲ್ಲಿ ಇದರ ಹೆಸರು ‘ಫ್ಲೀ ಬೀಟಲ್’. ಕನ್ನಡಕ್ಕೆ ಬಂದಾಗ ‘ಚಿಗಟ ದುಂಬಿ’.

ಬೆಳಗಿನ ಜಾವ ಬಳ್ಳಿಯ ಕೆಳಗೆ ಬಿಳಿ ಬಟ್ಟೆಯ ಕೊಡೆಯನ್ನು ತಲೆಕೆಳಗು ಹಿಡಿದು ಕಡ್ಡಿಯನ್ನು ಎರಡು ಸಲ ಕೊಡವಿ ನೋಡಿ. ಉಡದ್ಯಾಗಳು ಟಪಟಪನೆ ಉದುರುತ್ತವೆ. ಉದುರಿ, ಕಾಲು ಮಡಚಿ, ಸತ್ತಂತೆ ಬಿದ್ದಿರುತ್ತವೆ. ಬೆರಳಿನಿಂದ ತಟ್ಟಿದರೆ ಉರುಳುತ್ತವೆ. ಬಿಸಿಲೇರಿದ ಮೇಲಾದರೆ ರೆಕ್ಕೆ ಬಿಚ್ಚಿ ಹಾರಿಹೋಗುತ್ತವೆ. ಒಂದಾದರೂ ಚಿಗಟದಂತೆ ಚಿಮ್ಮುವುದಿಲ್ಲ. ಚಿಮ್ಮುವ ಯಂತ್ರವೇ ಅದರ ಕಾಲಲ್ಲಿಲ್ಲ. ಇದು ಸ್ಕೆಲೊಡೊಂಟಾ ಸ್ಟ್ರೈಜಿಕಾಲಿಸ್, ಎಲೆದುಂಬಿಗಳ ಕುಟುಂಬದಲ್ಲಿ ಯೂಮಾಲ್ಪಿನೆ ಎಂಬ ಬೇರೆಯೇ ಕವಲಿನದು. ಅಮೆರಿಕದ ದ್ರಾಕ್ಷಿಯ ಕಣ್ಣನ್ನು ಹೀಗೇ ತಿನ್ನುವ ಉಕ್ಕಿನ ನೀಲಿಯ ಆಲ್ಟಿಕಾ ಕಾಲಿಬಿಯಾ ಮಾತ್ರ ನಿಜವಾದ ಚಿಗಟ ದುಂಬಿ. ಮಾಡುವ ಕೆಲಸ ಒಂದೇ ಆದ್ದರಿಂದ ಹೆಸರೂ ಒಂದೇ ಆಗಿರಬೇಕು. ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಬಾಯಿಗೆ ಬರುವ ‘ಚಿಗಟ ದುಂಬಿ’ ಚಿಗಟ ದುಂಬಿಯೇ ಅಲ್ಲ ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಹೆಸರಲ್ಲೇನಿದೆ ಅನ್ನಬಹುದು. ಇದೆ. ಉಡದ್ಯಾ ಸಡಿಲ ತೊಗಟೆಯ ಅಡಿಯಲ್ಲಿ ಗುಂಪಾಗಿ ಮೊಟ್ಟೆಯಿಡುತ್ತದೆ, ಮರಿ ಮಣ್ಣಿಗಿಳಿದು ಬೇರು ತಿನ್ನುತ್ತದೆ. ಚಾಟ್ನಿ ಹೊತ್ತಿಗೆ ತೊಗಟೆ ಸುಲಿದು ತೆಗೆಯುವುದು, ಬೆಳಗಿನ ತಂಪಿನಲ್ಲಿ ಕೊಡವಿ ಹಿಡಿಯುವುದು ಕೆಲಸ ಮಾಡುವುದು ಹುಳದ ಈ ಸ್ವಭಾವದಿಂದಾಗಿ. ಚಿಮ್ಮುವ ಹುಳವಾಗಿದ್ದರೆ ಕೊಡೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ.

ತೊಡೆಯೊಳಗಿನ ಸ್ಪ್ರಿಂಗು

ನಿಜವಾದ ಚಿಗಟ ದುಂಬಿಯನ್ನು ಗುರುತಿಸಲು ಮೊದಲು ಹಿಂಗಾಲಿನ ತೊಡೆ ನೋಡಬೇಕು. ಮುಂದಿನ ಎರಡು ಜೋಡಿಗಿಂತ ಅದು ಎದ್ದು ಕಾಣುವಷ್ಟು ದಪ್ಪ, ಹೆಚ್ಚುಕಡಿಮೆ ಮೊಟ್ಟೆಯಾಕಾರ. ಅದರೊಳಗೆ ಗಟ್ಟಿಯಾದ, ಸುರುಳಿ ಸುತ್ತಿದ ಒಂದು ಕೊಕ್ಕೆ ಇದೆ. ದೊಡ್ಡ ಸ್ನಾಯು ಅದನ್ನು ನಿಧಾನಕ್ಕೆ ಬಿಗಿದು ಒಮ್ಮೆಲೆ ಬಿಟ್ಟಾಗ ಕಣಕಾಲು ಸಿಡಿಯುತ್ತದೆ, ಹುಳ ತನ್ನ ಮೈಯುದ್ದದ ಹತ್ತಾರು ಪಟ್ಟು ದೂರ ಹೋಗಿ ಬೀಳುತ್ತದೆ. ಎಲ್ಲಿ ಬೀಳುತ್ತದೆ ಅನ್ನುವುದು ಅದಕ್ಕೂ ಗೊತ್ತಿರುವಂತೆ ಕಾಣುವುದಿಲ್ಲ. ಈ ಕೊಕ್ಕೆಗೆ ‘ಮೌಲಿಕ್ ಅಂಗ’ ಎಂಬ ಹೆಸರುಂಟು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿದ ಸಮರೇಂದ್ರ ಮೌಲಿಕ್ ಅವರ ಹೆಸರು ಅದು. ಭಾರತದ ಚಿಗಟ ದುಂಬಿಗಳ ಮೇಲೆ ಅವರು 1926ರಲ್ಲಿ ತಂದ ಸಂಪುಟವನ್ನು ಬದಿಗಿಟ್ಟು ಇಂದಿಗೂ ಇವನ್ನು ಗುರುತಿಸುವ ಕೆಲಸ ಮಾಡಲಾಗುವುದಿಲ್ಲ. ತಿಳಿ ಬಣ್ಣದ ಜಾತಿಗಳನ್ನು ಬೆಳಕಿಗೆ ಅಡ್ಡಹಿಡಿದು 20 ಪಟ್ಟಿನ ಮಸೂರದಲ್ಲಿ ನೋಡಿದರೆ ತೊಡೆಯ ಚರ್ಮದಾಚೆ ಆ ಕೊಕ್ಕೆ ಕಂದು ನೆರಳಾಗಿ ಕಾಣುವುದೂ ಉಂಟು.

ಚಿಮ್ಮಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಮಾವಿನ ಚಿಗುರೆಲೆಯಲ್ಲಿ ಸುರಂಗ ತೋಡುವ ಪುಟ್ಟ ಮೂತಿಹುಳವೂ ಚಿಮ್ಮುತ್ತದೆ, ಆದರೆ ಅದಕ್ಕೆ ಮೂತಿ ಇದೆ. ಕೆಸರಿನಂಚಿನ ಸ್ಕಿರ್ಟಿಡ್ ದುಂಬಿಗಳಲ್ಲೂ ದಪ್ಪ ತೊಡೆಯವು ಇವೆ. ಹಾಗಾಗಿ ಎರಡನೆಯ ಗುರುತು ಮೀಸೆಯ ಬುಡ. ಚಿಗಟ ದುಂಬಿಯ ಎರಡು ಮೀಸೆಗಳು ಹಣೆಯ ನಡುವೆ, ಕಣ್ಣುಗಳ ಮಧ್ಯೆ, ಒಂದಕ್ಕೊಂದು ಹತ್ತಿರ ಹುಟ್ಟುತ್ತವೆ. ಉಡದ್ಯಾದಲ್ಲಿ ಅವು ದೂರ ದೂರ. ಕೊಡೆಯಲ್ಲಿ ಬಿದ್ದ ಹುಳ ಸತ್ತಿದ್ದರೂ, ಚಿಮ್ಮಿ ತೋರಿಸದಿದ್ದರೂ, ಈ ಒಂದು ನೋಟ ಸಾಕು. ಜೋಳ, ಮೆಕ್ಕೆಜೋಳ, ಅವರೆಯ ಮೇಲೆ ಸಿಗುವ ಬಿಳಿ ಚುಕ್ಕೆಯ ಮೊನೊಲೆಪ್ಟಾ ಸಿಗ್ನಾಟಾ ಮಾತ್ರ ಇಲ್ಲಿ ಕೈಕೊಡುತ್ತದೆ. ಇದಕ್ಕೂ ಹಲವು ಪಟ್ಟಿಗಳಲ್ಲಿ ಚಿಗಟ ದುಂಬಿ ಎಂದೇ ಬರೆದಿರುತ್ತದೆ, ಮೀಸೆಯ ಬುಡವೂ ಹತ್ತಿರವೇ ಇರುತ್ತದೆ. ತೊಡೆ ಮಾತ್ರ ತೆಳ್ಳಗೆ. ಎರಡೂ ಗುರುತು ಕೂಡಿಬಂದರೇ ಹೌದೆನ್ನಬೇಕು.

ಪೊಳ್ಳು

ಕಾಳುಮೆಣಸಿನ ಬೆಳೆಗಾರರ ಮಾತಲ್ಲಿ ‘ಪೊಳ್ಳು’ ಅಂದರೆ ಒಂದು ನಷ್ಟದ ಹೆಸರು. ಕಾಳು ನೋಡಲು ಇದೆ, ಒಳಗಿಲ್ಲ. ಆ ಪೊಳ್ಳಿಗೆ ಕಾರಣವಾಗುವ ಹುಳ ಮಾತ್ರ ಅಪ್ಪಟ ಚಿಗಟ ದುಂಬಿ. ಸುಮಾರು ಎರಡೂವರೆ ಮಿಲಿಮೀಟರ್ ಉದ್ದ, ಒಂದೂವರೆ ಮಿಲಿಮೀಟರ್ ಅಗಲ, ತಲೆ ಮತ್ತು ಕತ್ತಿನ ಫಲಕ ಹಳದಿಗಂದು, ಹೊರರೆಕ್ಕೆ ಕಪ್ಪು. ಜೂನ್ ಮಳೆ ಹಿಡಿದು ಬಳ್ಳಿ ಚಿಗುರಿ ಕರೆ (ಕಾಳು ಕಟ್ಟುವ ಗೊಂಚಲು) ಬಿಡುವಾಗ ಎಳೆ ಎಲೆಯ ಮೇಲೆ ತೂತು ಕಾಣಿಸುತ್ತದೆ. ತೂತಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ಆದರೆ ಹುಳ ತೋಟದಲ್ಲಿದೆ ಅನ್ನುವುದಕ್ಕೆ ಸಿಗುವ ಮೊದಲ ಸುಳಿವು ಅದೇ.

ಜುಲೈ ಕೊನೆಯ ಒಂದು ಬೆಳಗು ನೆನಪಿಗೆ ಬರುತ್ತದೆ. ಘಟ್ಟದ ಕೆಳಗಿನ ಅಡಿಕೆ ತೋಟ, ಮಳೆ ನಿಂತು ಹನಿ ಮಾತ್ರ ತೊಟ್ಟಿಕ್ಕುತ್ತಿದೆ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಉತ್ತರ ಮಗ್ಗುಲು, ಬಿಸಿಲೇ ಬೀಳದ ಜಾಗ. ಕರೆಯೊಂದರ ತುದಿಯರ್ಧ ಕಪ್ಪಗೆ ಜೋತಿದೆ, ಮೇಲರ್ಧ ಹಸಿರಾಗಿದೆ. ಉಗುರಿನಿಂದ ಸೀಳಿದರೆ ಕರೆಯ ದಂಟಿನೊಳಗೇ ಕೆನೆಬಣ್ಣದ ಮರಿ, ಸುಮಾರು ಐದು ಮಿಲಿಮೀಟರ್. ದಂಟನ್ನು ಕೊರೆದದ್ದರಿಂದ ಅದರ ಕೆಳಗಿನ ಕಾಳುಗಳಿಗೆಲ್ಲ ಅನ್ನನೀರು ನಿಂತಿದೆ. ಪಕ್ಕದ ಕರೆಯಲ್ಲಿ ಇನ್ನೊಂದು ಬಗೆ: ಹಸಿರು ಕಾಳುಗಳ ನಡುವೆ ಮೂರು ಕಾಳು ಹಳದಿ ತಿರುಗಿ ಕಪ್ಪಾಗಿವೆ. ಬೆರಳ ನಡುವೆ ಒತ್ತಿದರೆ ಪುಡಿಯಾಗುತ್ತವೆ, ಒಳಗೆ ಹಿಕ್ಕೆ ಮಾತ್ರ. ಒಂದು ಮರಿ ಒಂದು ಕಾಳು ಮುಗಿಸಿ ಪಕ್ಕದ್ದಕ್ಕೆ ದಾಟುತ್ತದೆ, ಮೂರು ನಾಲ್ಕು ಕಾಳು ತಿಂದು ಬಲಿತು ಮಣ್ಣಿಗೆ ಬೀಳುತ್ತದೆ. ಐದರಿಂದ ಏಳು ಸೆಂಟಿಮೀಟರ್ ಆಳದಲ್ಲಿ ಕೋಶವಾಗಿ ಒಂದು ವಾರದಲ್ಲಿ ಮೇಲೆ ಬರುತ್ತದೆ. ಮೊಟ್ಟೆಯಿಂದ ದುಂಬಿಯವರೆಗೆ ಸುಮಾರು 40–50 ದಿನ. ಹಾಗಾಗಿ ಒಂದೇ ಬೆಳೆಯಲ್ಲಿ ಒಂದರ ಮೇಲೊಂದು ತಲೆಮಾರು, ಕೊನೆಗೆ ಯಾವುದು ಯಾವುದರ ಮರಿಯೆಂದು ಹೇಳಲಾಗದ ಗೊಂದಲ.

ಇಲ್ಲಿ ಎಡವುವವರು ಬಹಳ. ಕೊಲೆಟೊಟ್ರೈಕಮ್ ಶಿಲೀಂಧ್ರ ಬಂದರೂ ಕಾಳು ಕಪ್ಪಾಗಿ ಪೊಳ್ಳಾಗುತ್ತದೆ, ಅದನ್ನೂ ಪೊಳ್ಳು ರೋಗ ಎಂದೇ ಕರೆಯುತ್ತಾರೆ. ಕಾಳಿನ ಮೇಲೆ ಬಿರುಕು ಸೀಳಿದ್ದರೆ ಶಿಲೀಂಧ್ರ. ಬಿರುಕಿಲ್ಲದೆ ಸಣ್ಣ ತೂತು ಇದ್ದು, ಒತ್ತಿದರೆ ಪುಡಿಯಾದರೆ ಹುಳ. ಹುಳದ ಪೊಳ್ಳಿಗೆ ಶಿಲೀಂಧ್ರದ ಔಷಧಿಯಾದ ಬೋರ್ಡೋ ಹೊಡೆದು ‘ಏನೂ ಆಗಲಿಲ್ಲ’ ಅಂದರೆ ಬೋರ್ಡೋದ ತಪ್ಪಲ್ಲ. ಹತ್ತು ಬಳ್ಳಿಯಿಂದ ಹತ್ತು ಹತ್ತು ಕಪ್ಪು ಕಾಳು ಬಿಡಿಸಿ, ಬಿಳಿ ತಟ್ಟೆಯಲ್ಲಿ ಹರಡಿ, ಎರಡು ರಾಶಿ ಮಾಡಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಅರ್ಧ ಗಂಟೆಗೆ ಕೈ ಬರುವುದಿಲ್ಲ, ಸ್ಪ್ರೇಯರಿಗೆ ಬೇಗ ಬರುತ್ತದೆ.

ಹುಳದ ಕಾಟ ತಗ್ಗಿನ ತೋಟಗಳಲ್ಲಿ, ಸಮುದ್ರಮಟ್ಟದಿಂದ 300 ಮೀಟರಿನೊಳಗೆ ಹೆಚ್ಚು. ಮೇಲೇರಿದಂತೆ ಕಡಿಮೆ. ಅದಕ್ಕಿಂತ ಮುಖ್ಯ ನೆರಳು. ಸರಿಯಾಗಿ ಮರಗಸಿ ಮಾಡಿದ, ಅಂದರೆ ನೆರಳಿನ ಕೊಂಬೆ ಸವರಿದ ತೋಟಕ್ಕೂ ಮಾಡದ್ದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರುತ್ತದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತಿಂಗಳಿಗೊಮ್ಮೆ ಬೇವಿನ ಮಿಶ್ರಣವನ್ನು ಲೀಟರಿಗೆ 6 ಮಿಲಿಯಂತೆ ಹೊಡೆಯಬಹುದು. ಎಲೆಯ ಅಡಿ ಮತ್ತು ಕರೆ ನೆನೆಯದಿದ್ದರೆ ಹೊಡೆದೂ ಹೊಡೆಯದಂತೆ. ಕೋಶ ಸಾಯಲೆಂದು ಬಳ್ಳಿಯ ಬುಡ ಕೆದಕುವ ಹಳೆಯ ಸಲಹೆಯೊಂದಿದೆ, ನನಗದು ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಬೇರಿಗೆ ಪೆಟ್ಟು ಬಿದ್ದರೆ ಸೊರಗು ರೋಗಕ್ಕೆ ನಾವೇ ಬಾಗಿಲು ತೆರೆದಂತೆ. ಪೊಳ್ಳಾದರೆ ಒಂದಿಷ್ಟು ಕಾಳು ಹೋಗುತ್ತದೆ, ಸೊರಗಿದರೆ ಬಳ್ಳಿಯೇ ಹೋಗುತ್ತದೆ.

ಇಷ್ಟು ಪರಿಚಿತವಾದ ಹುಳದ ಹೆಸರೂ ದಶಕಗಟ್ಟಲೆ ತಪ್ಪಾಗಿತ್ತು. ಪುಸ್ತಕಗಳಲ್ಲೆಲ್ಲ ಅದು ಲಾಂಜಿಟಾರ್ಸಸ್ ನೈಗ್ರಿಪೆನ್ನಿಸ್. 2009ರಲ್ಲಿ ಕೀಟತಜ್ಞರಾದ ಪ್ರತಾಪನ್ ಮತ್ತು ವಿರಕ್ತಮಠ ಅವರು ಇದು ಬೇರೆಯೇ ಕುಲದ, ಅದುವರೆಗೆ ಹೆಸರಿಲ್ಲದ ಜಾತಿ ಎಂದು ತೋರಿಸಿ ಲಂಕಾ ರಾಮಕೃಷ್ಣೈ ಎಂದು ಹೆಸರಿಟ್ಟರು. ಲಾಂಜಿಟಾರ್ಸಸ್ ಅಂದರೆ ಉದ್ದ ಪಾದದ್ದು. ಹಿಂಗಾಲಿನ ಪಾದದ ಮೊದಲ ಗೆಣ್ಣು ಕಣಕಾಲಿನ ಅರ್ಧಕ್ಕಿಂತ ಉದ್ದವಿರುವುದು ಆ ಕುಲದ ಗುರುತು. 700ಕ್ಕೂ ಹೆಚ್ಚು ಜಾತಿಗಳಿರುವ, ಚಿಗಟ ದುಂಬಿಗಳಲ್ಲೇ ಅತಿ ದೊಡ್ಡ ಕುಲ ಅದು. ಕಪ್ಪು ರೆಕ್ಕೆ, ಕಂದು ತಲೆ ನೋಡಿ ಬಣ್ಣದ ಮೇಲೆ ಹೆಸರಿಟ್ಟವರು ಪಾದ ನೋಡಿರಲಿಲ್ಲವೋ ಏನೋ. ಬಣ್ಣ ನಂಬಬಾರದು ಅನ್ನುವುದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ಬೇಡ.

ತೂತು ಓದುವುದು

ಕೈತೋಟದಲ್ಲಿ ಹುಳಕ್ಕಿಂತ ಮೊದಲು ಕಾಣುವುದು ತೂತು. ಮೂಲಂಗಿ, ಸಾಸಿವೆ, ಎಲೆಕೋಸಿನ ಸಸಿಯಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು, ಚರೆಗುಂಡು ಹೊಡೆದಂತೆ ಎಲೆ ತುಂಬ ಇದ್ದರೆ ಅದು ಫಿಲ್ಲೊಟ್ರೆಟಾ ಕುಲದ ಚಿಗಟ ದುಂಬಿ. ಬದನೆ ಎಲೆಯಲ್ಲಿ ಹಸಿರು ಕೆರೆದು ಏಣಿಯ ಮೆಟ್ಟಿಲಿನಂತೆ ಜಾಳಾಗಿದ್ದರೆ ಅದು ಹಡ್ಡಾ ದುಂಬಿ, ನಮ್ಮ ಲೆಕ್ಕಕ್ಕಿಲ್ಲ. ಎಲೆಯ ಅಂಚನ್ನು ಮಾತ್ರ ಕಚ್ಚಿದ್ದರೆ ಮೂತಿಹುಳವಿರಬಹುದು. ಅದೇ ಬದನೆಯಲ್ಲಿ ಬಿಡಿಬಿಡಿ ಸಣ್ಣ ತೂತಾದರೆ ಸಿಲ್ಲಿಯೋಡಿಸ್. ಇದನ್ನು ಗುರುತಿಸುವುದು ಸುಲಭ: ಉಳಿದವಕ್ಕೆ ಮೀಸೆಯಲ್ಲಿ 11 ಗೆಣ್ಣು, ಇದಕ್ಕೆ 10. ಹಿಂಪಾದ ಕಣಕಾಲಿನ ತುದಿಗೆ ಅಂಟದೆ ತುಸು ಮೇಲೆಯೇ ಅಂಟಿರುತ್ತದೆ, ಕಣಕಾಲು ಅದನ್ನು ದಾಟಿ ಮುಂದೆ ಚಾಚಿರುತ್ತದೆ. ಬೆಂಡೆ, ದಾಸವಾಳ, ಪುಂಡಿಯಲ್ಲಿ ನಿಸೋಟ್ರಾ. ಹುಲ್ಲಿನ ಜಾತಿಯ ಪೈರುಗಳಲ್ಲಿ ಎಳ್ಳಿಗಿಂತ ಚಿಕ್ಕದಾದ, ಕಂಚುಗಪ್ಪು ಹುಳ ಚಿಮ್ಮಿದರೆ ಕೀಟೊಕ್ನೀಮಾ ಇರಬಹುದು. ಅದರ ನಡುಗಾಲು, ಹಿಂಗಾಲಿನ ಕಣಕಾಲಿನ ಹೊರ ಅಂಚಿನಲ್ಲಿ, ತುದಿಗೆ ಹತ್ತಿರ, ಒಂದು ಕಚ್ಚು ಮತ್ತು ಹಲ್ಲು ಇರುತ್ತದೆ. ಸೆಣಬಿನ ಮೇಲಿನ ಲಾಂಜಿಟಾರ್ಸಸ್ ಬೆಲ್ಗಾಮೆನ್ಸಿಸ್ ಹೆಸರಲ್ಲಿ ನಮ್ಮ ಬೆಳಗಾವಿಯೇ ಕೂತಿದೆ. ಅದಕ್ಕೆ ಹೆಸರಿಟ್ಟ ಮಾರ್ಟಿನ್ ಜಾಕೋಬಿ ಹೊಟ್ಟೆಪಾಡಿಗೆ ಪಿಟೀಲು ನುಡಿಸುತ್ತಿದ್ದವರು.

ಇವುಗಳ ನಾಲಿಗೆ ಗಿಡದ ರಾಸಾಯನಿಕಕ್ಕೆ ಕಟ್ಟುಬಿದ್ದಿದೆ. ಫಿಲ್ಲೊಟ್ರೆಟಾಕ್ಕೆ ಬೇಕಿರುವುದು ಸಾಸಿವೆಯ ಘಾಟು. ಹಾಗಾಗಿ ಬದುವಿನ ನಾಯಿಸಾಸಿವೆಯೂ ಅದಕ್ಕೆ ಆಗುತ್ತದೆ. ಸಾಸಿವೆಯ ಕುಟುಂಬವಲ್ಲದಿದ್ದರೂ ಆ ಘಾಟಿನ ವಸ್ತು ಅದರಲ್ಲೂ ಇದೆ, ನಮ್ಮವರು ಹೆಸರಿಡುವಾಗ ಮೂಗನ್ನು ನಂಬಿದ್ದರು. ಮೂಲಂಗಿ ಕೊಯ್ದ ಮೇಲೆ ಮಡಿ ಖಾಲಿಬಿಟ್ಟರೂ ಹುಳ ಊರುಬಿಟ್ಟು ಹೋಗದಿರಲು ಇಂಥ ಬದುಗಳೂ ಒಂದು ಕಾರಣ.

ಸಸಿಗೆ ನಾಲ್ಕೈದು ನಿಜ ಎಲೆ ಬಂದ ಮೇಲೆ ತೂತಿನಿಂದ ದೊಡ್ಡ ನಷ್ಟವಿಲ್ಲ. ಅಪಾಯವಿರುವುದು ಬೀಜದೆಲೆ ಹಂತದಲ್ಲಿ, ಅದೂ ಒಣ ಬಿಸಿಲಿನ ದಿನಗಳಲ್ಲಿ. ನೈಲಾನ್ ಬಲೆ ಹಾಕುವವರು ಕಣ್ಣಿನ ಅಳತೆ ನೋಡಿಕೊಳ್ಳಬೇಕು. ಹುಳ ಎರಡು ಮಿಲಿಮೀಟರ್ ಉದ್ದ, ಅಗಲ ಅದಕ್ಕೂ ಕಡಿಮೆ. ಬಲೆಯ ಕಣ್ಣು ಒಂದು ಮಿಲಿಮೀಟರಿನೊಳಗಿರಬೇಕು, ಸೊಳ್ಳೆಪರದೆ ಸಾಲದೆ ಹೋಗಬಹುದು. ಇನ್ನೊಂದು ತಪ್ಪು, ಹೋದ ಬೆಳೆಯೂ ಮೂಲಂಗಿಯೇ ಆಗಿದ್ದ ಮಡಿಗೆ ಬಲೆ ಹಾಕುವುದು. ಮರಿ, ಕೋಶ ಇರುವುದೇ ಮಣ್ಣಲ್ಲಿ. ಬಲೆಯ ಒಳಗೇ ಹುಳ ಹುಟ್ಟಿ, ಹೊರಗೆ ಹೋಗಲಾರದೆ ಇದ್ದಷ್ಟನ್ನೂ ತಿನ್ನುತ್ತದೆ. ಹಳದಿ ಅಂಟುಹಾಳೆಯನ್ನು ಆಳೆತ್ತರಕ್ಕೆ ಕಟ್ಟುವುದೂ ವ್ಯರ್ಥ, ಸಸಿಯ ಎತ್ತರಕ್ಕೆ ಇರಬೇಕು.

ಭತ್ತದ ಗದ್ದೆಯ ನೀಲಿ ಹುಳ

ಹೊಳೆಯುವ ಕಡುನೀಲಿ, ಅರ್ಧ ಸೆಂಟಿಮೀಟರ್ ಆಸುಪಾಸು ಉದ್ದ, ಕತ್ತಿನ ಫಲಕದ ಬುಡದಲ್ಲಿ ಅಡ್ಡಕ್ಕೊಂದು ಗೀರು. ಆಲ್ಟಿಕಾ ಸಯಾನಿಯಾ. ಗದ್ದೆಯಲ್ಲಿ ನೂರಾರು ಕೂತಿರುತ್ತವೆ, ಭತ್ತದ ಗರಿಯ ಮೇಲೂ ಕೂತಿರುತ್ತವೆ. ನೋಡಿದವರು ಕವಚದ ಹುಳ ಬಂತೆಂದು ಗಾಬರಿಯಾಗುವುದುಂಟು. ಕವಚದ ಹುಳದ ಮೈಮೇಲೆ ಮುಳ್ಳಿರುತ್ತದೆ, ಅದು ಗರಿಯನ್ನು ಉದ್ದುದ್ದಕ್ಕೆ ಬಿಳಿ ಗೆರೆಯಾಗಿ ಕೆರೆಯುತ್ತದೆ. ನೀಲಿ ಹುಳದ ಮೈ ನುಣುಪು, ಅದು ಕೂತ ಗರಿಯಲ್ಲಿ ಗೆರೆಯೂ ಇಲ್ಲ ತೂತೂ ಇಲ್ಲ. ತುಸು ಬಗ್ಗಿ ನೋಡಿದರೆ ಭತ್ತದ ಸಾಲಿನ ನಡುವೆ ಹಳದಿ ಹೂವಿನ ಲುಡ್ವಿಜಿಯಾ ಕಳೆ, ಅದರ ಎಲೆ ಬಲೆಯಂತಾಗಿರುತ್ತದೆ, ಅಡಿಯಲ್ಲಿ ಕಪ್ಪು ಮರಿಗಳು ಸಾಲಾಗಿ ಮೇಯುತ್ತಿರುತ್ತವೆ. ಹುಳ ಕಳೆ ಕೀಳುವ ಕೂಲಿಯನ್ನು ಒಂದಿಷ್ಟು ಉಳಿಸುತ್ತಿದೆ. ಅದಕ್ಕೆ ವಿಷ ಹೊಡೆಯುವುದು ದುಡ್ಡು ಕೊಟ್ಟು ಕಳೆ ಸಾಕಿದಂತೆ.

ಚಿಗಟ ದುಂಬಿಗಳ ಆಹಾರ ಗಿಡಗಳ ದಾಖಲೆಗಳಲ್ಲಿ ಇಂಥ ತಪ್ಪು ಹೇರಳ. ಯಾರೋ ಬಲೆ ಬೀಸಿದಾಗ ಯಾವುದೋ ಗಿಡದ ಮೇಲೆ ಸಿಕ್ಕಿತು, ಚೀಟಿಯಲ್ಲಿ ಆ ಗಿಡದ ಹೆಸರು ಬಂತು, ಚೀಟಿಯಿಂದ ಪಟ್ಟಿಗೆ, ಪಟ್ಟಿಯಿಂದ ಪುಸ್ತಕಕ್ಕೆ. ಚಿಮ್ಮಿ ಎಲ್ಲೆಂದರಲ್ಲಿ ಬೀಳುವ ಹುಳದ ವಿಷಯದಲ್ಲಿ ಕೂತ ಜಾಗಕ್ಕೆ ಏನು ಬೆಲೆ? ತಿಂದದ್ದನ್ನು ನೋಡಬೇಕು. ಹಿಡಿಯುವುದಕ್ಕೆ ಬೆಳಗಿನ ತಂಪು ಒಳ್ಳೆಯದು, ಆಗ ಅವು ಚಿಮ್ಮಲು ಸೋಮಾರಿ. 30 ಮಿಲಿಯ ಸೀಸೆಗೆ ಎರಡು ಕೊಳವೆ ಸಿಕ್ಕಿಸಿದ ಹೀರುಗೊಳವೆ ಸಾಕು. ಬಾಯಿಯ ಕಡೆಯ ಕೊಳವೆಯ ಒಳತುದಿಗೆ ತೆಳುಬಟ್ಟೆ ಕಟ್ಟಿರಬೇಕು, ಮರೆತವರು ಒಮ್ಮೆ ಮಾತ್ರ ಮರೆಯುತ್ತಾರೆ. ನಾಲ್ಕೈದು ಹುಳ ಹಿಡಿದು ಮೂರ್ನಾಲ್ಕು ಗಂಟೆ ಹಸಿವಿಗೆ ಬಿಟ್ಟು, ಎರಡು ಡಬ್ಬಿಗೆ ಹಂಚಬೇಕು. ಒಂದರಲ್ಲಿ ಅನುಮಾನದ ಗಿಡದ ತೂತಿಲ್ಲದ ಎಲೆ, ಇನ್ನೊಂದರಲ್ಲಿ ಪಕ್ಕದ ಗಿಡದ್ದು. ತಳಕ್ಕೆ ಒಣ ಟಿಶ್ಯೂ ಹಾಸದಿದ್ದರೆ ಎಲೆಯ ಬೆವರು ಡಬ್ಬಿಯ ಗೋಡೆಗೆ ಕಟ್ಟಿ, ಹುಳ ಅದಕ್ಕಂಟಿ ಸಾಯುತ್ತದೆ. ಪರೀಕ್ಷೆ ಹಾಳಾಗುವುದು ಹೆಚ್ಚಾಗಿ ಹೀಗೆಯೇ. ಮರುದಿನ ಅದೇ ಹೊತ್ತಿಗೆ ತೂತು ಮತ್ತು ಹಿಕ್ಕೆ ಎರಡನ್ನೂ ನೋಡಬೇಕು. ಹಸಿದ ಹುಳ ಬೇಡದ ಎಲೆಯನ್ನೂ ಒಂದೆರಡು ಕಡೆ ಕಚ್ಚಿ ಬಿಡುವುದುಂಟು. ಹಿಕ್ಕೆ ಇಲ್ಲದ ಕಚ್ಚು ಊಟವಲ್ಲ.

ಜಾತಿಯ ಮಟ್ಟಕ್ಕೆ ಹೋಗಬೇಕಾದರೆ ಹೊರಮೈ ಸಾಲುವುದಿಲ್ಲ. ಗಂಡಿನ ಜನನಾಂಗ, ಹೆಣ್ಣಿನ ವೀರ್ಯಚೀಲ ನೋಡಬೇಕು. ಒಣಗಿದ ಹುಳವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ತುದಿ ಬಾಗಿಸಿದ ಅತಿ ಸಣ್ಣ ಸೂಜಿಯಿಂದ ಹೊಟ್ಟೆಯ ಹಿಂತುದಿಯ ಮೂಲಕ ಎಳೆದು ತೆಗೆಯಬೇಕು. ಅವಸರ ಮಾಡಿದರೆ ಹೊಟ್ಟೆಯೇ ಕಳಚಿ ಬರುತ್ತದೆ. ಹುಳವನ್ನು ಮುಕ್ಕೋನ ಕಾರ್ಡಿನ ತುದಿಗೆ ಎದೆಯ ಬಲಮಗ್ಗುಲಿನಿಂದ ಅಂಟಿಸಿ, ಹಿಂಗಾಲು ಗೋಂದಿನಲ್ಲಿ ಮುಳುಗದಂತೆ ನೋಡಿಕೊಂಡರೆ ಆಮೇಲೆ ನೋಡುವವರು ಹರಸುತ್ತಾರೆ. ಮೊದಲ ಚೀಟಿಯಲ್ಲಿ ಊರು, ಎತ್ತರ, ದಿನಾಂಕ, ಹಿಡಿದವರ ಹೆಸರು. ಎರಡನೆಯದರಲ್ಲಿ ಗಿಡ, ಅದರ ಜೊತೆ ‘ಕೂತಿತ್ತು’ ಅಥವಾ ‘ತಿಂದಿತು’.

ಎಲೆಯೇ ಇಲ್ಲದ ಕಡೆ

ಎಲೆಯ ತೂತಿಗಷ್ಟೇ ಕಥೆ ಮುಗಿಯದ ಚಿಗಟ ದುಂಬಿಗಳೂ ಇವೆ. ಲಿಮ್ನೊಫಿಲಾ ಎಂಬ ನೀರುಗಿಡದ ದಂಟಿನಲ್ಲಿ ಗಾಳಿ ತುಂಬಿದ ಸ್ಪಂಜಿನಂಥ ಅಂಗಾಂಶವಿದೆ. 2011ರಲ್ಲಿ ಹೆಸರು ಪಡೆದ ಲಾಂಜಿಟಾರ್ಸಸ್ ಲಿಮ್ನೊಫಿಲೇ ಅದರೊಳಗೇ ಕೋಶವಾಗುತ್ತದೆ. ಮಣ್ಣಿಗಿಳಿಯಬೇಕಾದ ಕುಲದ ಹುಳ, ಮಣ್ಣೆಲ್ಲ ನೀರಡಿಯಾದಾಗ ಕಂಡುಕೊಂಡ ದಾರಿ. ಉಪ್ಪಾಗೆ ಮರದ ಪೊಡೊಂಟಿಯಾ ಈ ಗುಂಪಿನ ಲೆಕ್ಕಕ್ಕೆ ದೈತ್ಯ, ಅದರ ಮರಿ ತನ್ನ ಹಿಕ್ಕೆಯನ್ನೇ ಬೆನ್ನಿಗೆ ಹೊತ್ತು ತಿರುಗುತ್ತದೆ, ಮುಟ್ಟುವ ಮನಸ್ಸು ಯಾರಿಗೂ ಬಾರದು.

ಶೋಲಾ ಕಾಡಿನ ಮರದ ಬುಡದ ಪಾಚಿಯೊಳಗೆ ಇರುವವು ಇನ್ನೂ ಬೇರೆ. ನೀಲಗಿರಿಯಲ್ಲಿ ಸಿಗುವ ಇವಾಲಿಯಾ ಕುಲದವು ಗುಂಡಗೆ, ಹುಡಿಯಂತೆ ಸಣ್ಣಗೆ. ಬಲೆ, ಕೊಡೆ ಎರಡೂ ಇಲ್ಲಿ ಪ್ರಯೋಜನವಿಲ್ಲ. ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿಟ್ಟುಕೊಂಡು ಬೊಗಸೆಯಷ್ಟು ಪಾಚಿಯನ್ನು ಬಟ್ಟೆಚೀಲದಲ್ಲಿ ತರಬೇಕು, ಪ್ಲಾಸ್ಟಿಕ್ಕಿನಲ್ಲಿ ಬೆಂದುಹೋಗುತ್ತದೆ. ಆಲಿಕೆಯ ಮೇಲೆ ಜರಡಿ, ಜರಡಿಯ ಮೇಲೆ ಪಾಚಿಯನ್ನು ತಲೆಕೆಳಗು ಹರಡಿ, ಮೇಲೆ 25 ವಾಟಿನ ಬಲ್ಬು, ಕೆಳಗೆ ಆಲ್ಕೋಹಾಲಿನ ಸೀಸೆ. ಬೇಗ ಆಗಲೆಂದು 100 ವಾಟ್ ಹಾಕಿದರೆ ಪಾಚಿ ಗರಿಗರಿಯಾಗಿ ಹುಳ ಇಳಿಯುವ ಮೊದಲೇ ಒಳಗೇ ಒಣಗುತ್ತದೆ. ಮೂರು ನಾಲ್ಕು ದಿನ ತಾಳಬೇಕು. ಎಲ್ಲವನ್ನೂ ಆಲ್ಕೋಹಾಲಿಗೆ ಬೀಳಿಸದೆ, ಒಂದು ಹಿಡಿಯನ್ನು ಒದ್ದೆ ಟಿಶ್ಯೂ ಇಟ್ಟ ಖಾಲಿ ಸೀಸೆಗೆ ಇಳಿಸಿದರೆ ಹುಳ ಜೀವಂತ ಸಿಗುತ್ತದೆ. ಅದನ್ನು ತೊಳೆದ ಪಾಚಿಯ ಒಂದು ಎಸಳಿನ ಜೊತೆ ಬಿಳಿ ಕಾಗದದ ಮೇಲೆ ಮುಚ್ಚಿಡಬೇಕು. ಮರುದಿನ ಕಾಗದದ ಮೇಲೆ ಹಸಿರು ಹಿಕ್ಕೆ ಬಿದ್ದಿದ್ದರೆ ಎರಡನೇ ಚೀಟಿ ಬರೆಯಬಹುದು.